ಸೈನ್ಯವೇ ಇಲ್ಲದ ದೇಶ ವಿಟೊಗೆ ಲೆಕ್ಕ ಕೇಳಿದ್ದು ಹೇಗೆ?

2022ರ ಏಪ್ರಿಲ್ 26ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 76/262 ಸಂಖ್ಯೆಯ ನಿರ್ಣಯವನ್ನು ಮತಕ್ಕೆ ಹಾಕದೆಯೇ ಅಂಗೀಕರಿಸಿತು. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳಲ್ಲಿ (ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ಚೀನಾ) ಯಾವುದಾದರೂ ವಿಟೊ, ಅಂದರೆ ಒಂದೇ ಮತದಿಂದ ನಿರ್ಣಯವನ್ನು ತಡೆಯುವ ಅಧಿಕಾರ, ಚಲಾಯಿಸಿದರೆ, ಹತ್ತು ಕೆಲಸದ ದಿನಗಳೊಳಗೆ ಸಾಮಾನ್ಯ ಸಭೆಯ ಅಧ್ಯಕ್ಷರು ಸಭೆ ಕರೆಯಬೇಕು, ವಿಟೊ ಬಿದ್ದ ವಿಷಯದ ಮೇಲೆ ಅಲ್ಲಿ ಚರ್ಚೆ ನಡೆಯಬೇಕು ಎಂಬುದು ಅದರ ತಿರುಳು. ವಿಟೊ ಹಾಕಿದ ದೇಶಕ್ಕೆ ಮಾತನಾಡುವವರ ಪಟ್ಟಿಯಲ್ಲಿ ಆದ್ಯತೆ ಉಂಟು. ಬಂದು ಕಾರಣ ಹೇಳಲೇಬೇಕೆಂಬ ಕಡ್ಡಾಯವೇನೂ ಇಲ್ಲ. 1945ರಿಂದಲೂ ಕಾರಣ ಕೊಡುವ ಹಂಗಿಲ್ಲದೆ ಚಲಾವಣೆಯಾಗುತ್ತಿದ್ದ ಅಧಿಕಾರವೊಂದಕ್ಕೆ ಮೊದಲ ಬಾರಿಗೆ ಇಂಥ ಕಾಯಂ ಕಟ್ಟಳೆ ಬಂದದ್ದು ಸಣ್ಣ ಸಂಗತಿಯಲ್ಲ. ಇದನ್ನು ಮುಂದಿಟ್ಟ ದೇಶ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವಿನ ಲಿಕ್ಟೆನ್‌ಸ್ಟೈನ್. ಅದರ ವಿಸ್ತೀರ್ಣ 160 ಚದರ ಕಿಲೋಮೀಟರ್, ಬೆಂಗಳೂರು ನಗರದ ಕಾಲು ಭಾಗಕ್ಕೂ ಕಡಿಮೆ. ಜನಸಂಖ್ಯೆ 40 ಸಾವಿರದ ಆಸುಪಾಸು. 1868ರಲ್ಲಿ ಸೈನ್ಯವನ್ನು ವಿಸರ್ಜಿಸಿದ ಮೇಲೆ ಅದು ಮತ್ತೆ ಸೈನ್ಯ ಕಟ್ಟಿಲ್ಲ. ಭದ್ರತಾ ಮಂಡಳಿಯಲ್ಲಿ ಅದು ಒಮ್ಮೆಯೂ ಸದಸ್ಯನಾಗಿಲ್ಲ.

ಸೇನೆ, ಹಣ, ಜನ ಇವುಗಳಿಂದಲೇ ಜಾಗತಿಕ ಭದ್ರತೆಯ ತೀರ್ಮಾನಗಳಾಗುತ್ತವೆ ಎಂದು ನಂಬಿದವರಿಗೆ ಇದು ಒಗಟಿನಂತೆ ಕಾಣುತ್ತದೆ. ಇದನ್ನು ನೈತಿಕ ಧ್ವನಿಯ ಗೆಲುವು ಎಂದು ಬಣ್ಣಿಸುವವರೂ ಇದ್ದಾರೆ. ನನಗೆ ಆ ವಿವರಣೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ನೈತಿಕ ಧ್ವನಿ ಎತ್ತಿದ ಚಿಕ್ಕ ದೇಶಗಳ ಪಟ್ಟಿ ಉದ್ದವಿದೆ, ಅವುಗಳಲ್ಲಿ ಬಹುಪಾಲಿನ ಮಾತು ನಡಾವಳಿ ಪುಸ್ತಕ ಬಿಟ್ಟು ಆಚೆ ಬಂದಿಲ್ಲ. ಕೆಲವು ದೇಶಗಳ ಮಾತು ನಡೆದದ್ದು ಅವು ಸಂಸ್ಥೆಯ ಕಾರ್ಯವಿಧಾನವನ್ನು ದೊಡ್ಡ ದೇಶಗಳಿಗಿಂತ ಚೆನ್ನಾಗಿ ಓದಿಕೊಂಡಿದ್ದವು, ಅದರಲ್ಲಿ ತಮಗೆ ಕೈ ಹಾಕಲು ಸಾಧ್ಯವಿರುವ ಜಾಗವೊಂದನ್ನು ಆರಿಸಿಕೊಂಡವು, ಮತ್ತು ಅವಕಾಶ ಬರುವವರೆಗೆ ಕಾದು ಕುಳಿತವು ಎಂಬ ಕಾರಣಕ್ಕೆ. ಲಿಕ್ಟೆನ್‌ಸ್ಟೈನ್‌ನ ಕಥೆಯನ್ನು ಹತ್ತು ವರ್ಷ ಹಿಂದಿನಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕೋಸ್ಟರಿಕ, ಜೋರ್ಡಾನ್, ಲಿಕ್ಟೆನ್‌ಸ್ಟೈನ್, ಸಿಂಗಪುರ ಮತ್ತು ಸ್ವಿಟ್ಜರ್ಲೆಂಡ್ ಸೇರಿ ‘ಎಸ್-5’ ಎಂಬ ಪುಟ್ಟ ಗುಂಪು ಮಾಡಿಕೊಂಡಿದ್ದವು. ಭದ್ರತಾ ಮಂಡಳಿಯ ಸದಸ್ಯತ್ವ ವಿಸ್ತರಣೆಯ ಜಗಳಕ್ಕೆ ಕೈ ಹಾಕದೆ, ಮಂಡಳಿ ಕೆಲಸ ಮಾಡುವ ರೀತಿಯನ್ನು ಮಾತ್ರ ಸುಧಾರಿಸಬೇಕೆಂಬುದು ಅವುಗಳ ಬೇಡಿಕೆಯಾಗಿತ್ತು. 2012ರಲ್ಲಿ ಅವು ಸಾಮಾನ್ಯ ಸಭೆಯ ಮುಂದೆ ತಂದ ಕರಡಿನಲ್ಲಿ, ನರಮೇಧ, ಯುದ್ಧಾಪರಾಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳನ್ನು ತಡೆಯುವ ಪ್ರಸ್ತಾಪಗಳಿಗೆ ಕಾಯಂ ಸದಸ್ಯರು ವಿಟೊ ಬಳಸದಿರಲಿ, ಬಳಸಿದರೆ ಕಾರಣ ಕೊಡಲಿ ಎಂಬ ಶಿಫಾರಸು ಇತ್ತು. ಕೇಳಿದ್ದು ಬರೀ ಶಿಫಾರಸು. ಆದರೂ ಐದೂ ಕಾಯಂ ಸದಸ್ಯರು, ಬೇರೆ ವಿಷಯಗಳಲ್ಲಿ ಅಷ್ಟಾಗಿ ಒಂದಾಗದವರು, ಇದರ ವಿರುದ್ಧ ಒಂದಾದರು. ಅಂಗೀಕಾರಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕಾಗುತ್ತದೆ ಎಂಬ ಅಭಿಪ್ರಾಯ ವಿಶ್ವಸಂಸ್ಥೆಯ ಕಾನೂನು ಕಚೇರಿಯಿಂದಲೂ ಬಂತು. ಆ ವರ್ಷದ ಮೇ ತಿಂಗಳಲ್ಲಿ ಐದು ದೇಶಗಳು ಕರಡನ್ನು ಹಿಂದಕ್ಕೆ ಪಡೆದವು, ಗುಂಪೂ ಚದುರಿತು.

2012ರ ಕರಡಿಗೂ 2022ರ ನಿರ್ಣಯಕ್ಕೂ ಇರುವ ವ್ಯತ್ಯಾಸವನ್ನು ಗಮನವಿಟ್ಟು ನೋಡಬೇಕು. ಮೊದಲನೆಯದು ಬೇರೊಂದು ಅಂಗಕ್ಕೆ, ಅಂದರೆ ಭದ್ರತಾ ಮಂಡಳಿಗೆ, ನೀನು ಹೀಗೆ ನಡೆದುಕೋ ಎಂದು ಹೇಳುತ್ತಿತ್ತು. ಹಾಗೆ ಹೇಳಲು ನಿನಗೇನು ಹಕ್ಕು ಎಂದು ಕೇಳಲು ಕಾಯಂ ಸದಸ್ಯರಿಗೆ ಆಸ್ಪದವಿತ್ತು. ಎರಡನೆಯದು ವಿಟೊ ಬಳಸಬೇಡಿ ಎಂದು ಎಲ್ಲೂ ಹೇಳುವುದಿಲ್ಲ. ವಿಟೊ ಬಿದ್ದಾಗ ಸಾಮಾನ್ಯ ಸಭೆ ಯಾವಾಗ ಸೇರಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ತನ್ನ ಸಭೆ ಯಾವಾಗ ಸೇರಬೇಕೆಂಬುದು ಸಾಮಾನ್ಯ ಸಭೆಯ ಸ್ವಂತ ವಿಚಾರ. ಅಲ್ಲಿ ಯಾರಿಗೂ ವಿಟೊ ಇಲ್ಲ, ಒಂದು ದೇಶಕ್ಕೆ ಒಂದು ಮತ. ಬೇರೆಯವರ ಮನೆಯ ನಿಯಮ ತಿದ್ದಲು ಹೋಗಿ ಸೋತವರು ಹತ್ತು ವರ್ಷದ ಬಳಿಕ ತಮ್ಮದೇ ಮನೆಯ ನಿಯಮ ತಿದ್ದಿದರು. ಪರಿಣಾಮ ಮಾತ್ರ ಆ ಮನೆಯ ಬಾಗಿಲಿಗೂ ಮುಟ್ಟಿತು.

ಸಮಯವೂ ಕೂಡಿಬಂತು. ಈ ಪಠ್ಯದ ಮೇಲೆ ಕೆಲವು ದೇಶಗಳ ಸಣ್ಣ ಬಳಗ ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿತ್ತು. 2022ರ ಫೆಬ್ರುವರಿ 25ರಂದು, ಉಕ್ರೇನ್ ಮೇಲೆ ತಾನು ನಡೆಸಿದ ಆಕ್ರಮಣವನ್ನು ಖಂಡಿಸುವ ಕರಡನ್ನು ರಷ್ಯಾ ತನ್ನದೇ ವಿಟೊದಿಂದ ಉರುಳಿಸಿತು. ಹತ್ತು ವರ್ಷದ ಹಿಂದೆ ವಿರೋಧಿಗಳ ಸಾಲಿನಲ್ಲಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ಈಗ ಸಹಪ್ರಾಯೋಜಕರ ಪಟ್ಟಿಯಲ್ಲಿದ್ದವು. ಒಟ್ಟು 83 ದೇಶಗಳು ಸಹಿ ಹಾಕಿದವು. ಯುದ್ಧ ಶುರುವಾದ ಮೇಲೆ ಕರಡು ಬರೆಯಲು ಕೂತಿದ್ದರೆ ಆ ಸಿಟ್ಟು ಆರುವಷ್ಟರಲ್ಲಿ ಪಠ್ಯ ಸಿದ್ಧವಾಗುತ್ತಿರಲಿಲ್ಲ. ದೊಡ್ಡವರ ನಡುವೆ ಬಿರುಕು ಬಿಟ್ಟಾಗ ಮಾತ್ರ ಚಿಕ್ಕವರಿಗೆ ದಾರಿ ತೆರೆಯುತ್ತದೆ ಎಂಬುದು ನಿಜ. ಬಿರುಕು ಬಿಟ್ಟ ದಿನ ಕೈಯಲ್ಲಿ ಕಾಗದ ಇರಬೇಕು ಎಂಬುದೂ ಅಷ್ಟೇ ನಿಜ. ಅಂದು ಸಾಮಾನ್ಯ ಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಮಾಲ್ದೀವ್ಸ್‌ನ ಅಬ್ದುಲ್ಲಾ ಶಾಹಿದ್, ಇನ್ನೊಂದು ಪುಟ್ಟ ದೇಶದವರು ಎಂಬುದು ಕಾಕತಾಳೀಯವಾದರೂ ದಾಖಲಿಸಬೇಕಾದ ಮಾತು.

ಲಿಕ್ಟೆನ್‌ಸ್ಟೈನ್ ಈ ವಿದ್ಯೆಯನ್ನು ಕಲಿತದ್ದು ಸಿರಿಯಾದ ವಿಚಾರದಲ್ಲಿ. ಸಿರಿಯಾದ ಪರಿಸ್ಥಿತಿಯನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಫ್ರಾನ್ಸ್‌ನ ಕರಡಿಗೆ 2014ರ ಮೇ ತಿಂಗಳಲ್ಲಿ 13 ಮತ ಬಿದ್ದರೂ ರಷ್ಯಾ ಮತ್ತು ಚೀನಾ ವಿಟೊ ಹಾಕಿದ್ದವು. ನ್ಯಾಯಾಲಯದ ದಾರಿ ಮುಚ್ಚಿತು. ಆಮೇಲೆ 2016ರ ಡಿಸೆಂಬರ್‌ನಲ್ಲಿ, ಅಲೆಪ್ಪೊ ನಗರ ಸಿರಿಯಾದ ಅಧ್ಯಕ್ಷ ಅಸಾದ್ ಸೇನೆಯ ವಶವಾಗುತ್ತಿದ್ದ ದಿನಗಳಲ್ಲಿ, ಲಿಕ್ಟೆನ್‌ಸ್ಟೈನ್ ಮತ್ತು ಕತಾರ್ ಸೇರಿ ಸಾಮಾನ್ಯ ಸಭೆಯಲ್ಲಿ ಒಂದು ಪ್ರಸ್ತಾಪ ಮಂಡಿಸಿದವು. ಅಪರಾಧಿಗಳನ್ನು ಶಿಕ್ಷಿಸುವ ಅಧಿಕಾರ ಸಭೆಗಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಸಾಕ್ಷ್ಯ ಸಂಗ್ರಹಿಸಿ, ಜೋಪಾನ ಮಾಡಿ, ಮುಂದೊಂದು ದಿನ ಯಾವುದಾದರೂ ನ್ಯಾಯಾಲಯ ಕೇಳಿದರೆ ಕೊಡುವಂತೆ ಕಡತ ಸಿದ್ಧಪಡಿಸುವ ಕಚೇರಿಯೊಂದನ್ನು ತೆರೆಯಬಾರದು ಎಂದು ವಿಶ್ವಸಂಸ್ಥೆಯ ಮೂಲ ಒಪ್ಪಂದವಾದ ಸನ್ನದಿನಲ್ಲಿ ಎಲ್ಲಿದೆ? 22ನೇ ವಿಧಿಯ ಪ್ರಕಾರ ಸಭೆ ತನಗೆ ಬೇಕಾದ ಅಧೀನ ಅಂಗಗಳನ್ನು ರಚಿಸಿಕೊಳ್ಳಬಹುದು. ಭದ್ರತಾ ಮಂಡಳಿ ಒಂದು ವಿವಾದವನ್ನು ನಿರ್ವಹಿಸುತ್ತಿರುವಾಗ ಸಾಮಾನ್ಯ ಸಭೆ ಅದರ ಬಗ್ಗೆ ಶಿಫಾರಸು ಮಾಡಬಾರದೆನ್ನುವ 12ನೇ ವಿಧಿಯನ್ನು ಸಿರಿಯಾ ಮತ್ತು ರಷ್ಯಾ ಎತ್ತಿಹಿಡಿದವು. ವಿಟೊದಿಂದ ಕಟ್ಟಿಬಿದ್ದ ಮಂಡಳಿ ಹೊಣೆಗಾರಿಕೆಯ ವಿಚಾರದಲ್ಲಿ ಏನನ್ನೂ ನಿರ್ವಹಿಸುತ್ತಲೇ ಇಲ್ಲವಲ್ಲ ಎಂಬುದು ಪ್ರಸ್ತಾಪಿಸಿದವರ ಉತ್ತರವಾಗಿತ್ತು. ಡಿಸೆಂಬರ್ 21ರಂದು 71/248 ಸಂಖ್ಯೆಯ ನಿರ್ಣಯದ ಪರ 105, ವಿರುದ್ಧ 15 ಮತ ಬಿದ್ದವು. 52 ದೇಶಗಳು ಮತದಾನದಿಂದ ದೂರ ಉಳಿದವು.

ಹಾಗೆ ಹುಟ್ಟಿದ ತನಿಖಾ ವ್ಯವಸ್ಥೆ ಮೊದಲಿಗೆ ದೇಶಗಳು ಸ್ವಇಚ್ಛೆಯಿಂದ ಕೊಟ್ಟ ದೇಣಿಗೆಯಲ್ಲಿ ನಡೆಯಿತು, 2020ರಿಂದ ವಿಶ್ವಸಂಸ್ಥೆಯ ನಿಯತ ಬಜೆಟ್ಟಿಗೆ ಸೇರಿತು. ಯುರೋಪಿನ ಹಲವು ದೇಶಗಳ ತನಿಖಾಧಿಕಾರಿಗಳು, ತಮ್ಮ ನೆಲಕ್ಕೆ ಬಂದು ಸೇರಿದ್ದ ಸಿರಿಯಾದ ಆರೋಪಿಗಳ ವಿಚಾರಣೆಗೆ ಅಲ್ಲಿಂದ ನೆರವು ಪಡೆದಿದ್ದಾರೆ. ಮ್ಯಾನ್ಮಾರ್ ಕುರಿತು 2018ರಲ್ಲಿ ಮಾನವ ಹಕ್ಕುಗಳ ಮಂಡಳಿ ಇದೇ ಮಾದರಿಯ ವ್ಯವಸ್ಥೆಯನ್ನು ರಚಿಸಿತು. ಅಸಾದ್ ಆಡಳಿತ 2024ರ ಡಿಸೆಂಬರ್ 8ರಂದು ಕುಸಿದಾಗ, ಕೆಲವೇ ವಾರಗಳಲ್ಲಿ ಆ ಕಚೇರಿಯ ಮುಖ್ಯಸ್ಥರು ಡಮಾಸ್ಕಸ್‌ಗೆ ಹೋಗಲು ಸಾಧ್ಯವಾಯಿತು. ಎಂಟು ವರ್ಷದ ಹಿಂದೆ ಹಲವರು ಕಾಗದದ ಕಸರತ್ತು ಎಂದು ತಳ್ಳಿಹಾಕಿದ್ದ ಏರ್ಪಾಡು ಅದು.

ಇಲ್ಲಿ ವ್ಯಕ್ತಿಗಳ ವಿಚಾರವನ್ನೂ ಹೇಳಬೇಕು. ಲಿಕ್ಟೆನ್‌ಸ್ಟೈನ್‌ನ ಕಾಯಂ ಪ್ರತಿನಿಧಿಯಾಗಿ ಕ್ರಿಶ್ಚಿಯನ್ ವೆನವೇಸರ್ 2002ರಲ್ಲೇ ನ್ಯೂಯಾರ್ಕಿನಲ್ಲಿ ಅಧಿಕಾರ ವಹಿಸಿಕೊಂಡವರು. ಎರಡು ದಶಕ ಕಳೆದ ಮೇಲೆ ವಿಟೊ ನಿರ್ಣಯ ಮಂಡಿಸಿದವರೂ ಅವರೇ. ನಡುವೆ ಅವರು ಆಕ್ರಮಣದ ಅಪರಾಧವನ್ನು ವ್ಯಾಖ್ಯಾನಿಸುವ ಕಾರ್ಯತಂಡದ ಅಧ್ಯಕ್ಷರಾಗಿದ್ದರು, ಅಪರಾಧ ನ್ಯಾಯಾಲಯದ ಸದಸ್ಯ ರಾಷ್ಟ್ರಗಳ ಸಭೆಯ ಅಧ್ಯಕ್ಷರಾಗಿ 2010ರ ಕಂಪಾಲಾ ಸಮ್ಮೇಳನದಲ್ಲಿ ಆ ವ್ಯಾಖ್ಯಾನಕ್ಕೆ ಒಪ್ಪಿಗೆ ದೊರಕಿಸಿದರು. ಹೋಲಿಕೆಗೆ ನೋಡಿ: 2016ರಿಂದ 2024ರವರೆಗೆ ಭಾರತದ ಕಾಯಂ ಪ್ರತಿನಿಧಿಯ ಹುದ್ದೆಯಲ್ಲಿ ನಾಲ್ವರು ಕುಳಿತಿದ್ದಾರೆ. ದೊಡ್ಡ ದೇಶದ ರಾಜತಾಂತ್ರಿಕ ಸೇವೆಗೆ ಬಡ್ತಿ, ವರ್ಗಾವಣೆ, ನಿವೃತ್ತಿಯ ತನ್ನದೇ ಲಯವಿದೆ. ಪುಟ್ಟ ದೇಶಕ್ಕೆ ಕಳುಹಿಸಲು ಹೆಚ್ಚು ಜನರಿಲ್ಲ, ಆದ್ದರಿಂದ ಇರುವವರು ಬಹುಕಾಲ ಇರುತ್ತಾರೆ. ಹಳೆಯ ಒಪ್ಪಂದದ ಯಾವ ಸಾಲು ಯಾರ ಒತ್ತಾಯಕ್ಕೆ ಬಂತು, ಯಾವ ಪೂರ್ವನಿದರ್ಶನ ಎಲ್ಲಿದೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಬಡತನವೇ ಇಲ್ಲಿ ಬಂಡವಾಳ. ಅದೇ ಕಾರಣಕ್ಕೆ ಎಲ್ಲ ಸಮಿತಿಗಳಲ್ಲೂ ಮಾತನಾಡಲು ಅವರಿಗೆ ಶಕ್ಯವಿಲ್ಲ, ಒಂದೆರಡು ವಿಷಯ ಆರಿಸಿಕೊಂಡು ಉಳಿದದ್ದನ್ನು ಬಿಡಬೇಕಾಗುತ್ತದೆ. ಎಲ್ಲದರ ಬಗ್ಗೆಯೂ ಭಾಷಣ ಮಾಡುವ ಚಿಕ್ಕ ದೇಶದ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಚಿಕ್ಕ ದೇಶ ಎಂದರೆ ಎಷ್ಟು ಚಿಕ್ಕದು? 1992ರಲ್ಲಿ ಸಿಂಗಪುರದ ಮುಂದಾಳತ್ವದಲ್ಲಿ ಶುರುವಾದ ಚಿಕ್ಕ ದೇಶಗಳ ವೇದಿಕೆ ಒಂದು ಕೋಟಿ ಜನಸಂಖ್ಯೆಯನ್ನು ಗೆರೆಯಾಗಿ ಇಟ್ಟುಕೊಂಡಿತು. ಇಂದು ಅದರಲ್ಲಿ 108 ಸದಸ್ಯರಿದ್ದಾರೆ, ವಿಶ್ವಸಂಸ್ಥೆಯ 193 ಸದಸ್ಯರ ಪೈಕಿ ಅರ್ಧಕ್ಕಿಂತ ಹೆಚ್ಚು. ಸಾಮಾನ್ಯ ಸಭೆಯಲ್ಲಿ ಈ ಎಣಿಕೆಗೆ ಬೆಲೆ ಇದೆ. ಭದ್ರತಾ ಮಂಡಳಿಯೊಳಗಿನ ಲೆಕ್ಕ ಬೇರೆ: 15 ಸದಸ್ಯರಲ್ಲಿ ಐವರಿಗೆ ವಿಟೊ, ಉಳಿದ ಹತ್ತು ಮಂದಿ ಎರಡು ವರ್ಷಕ್ಕೆ ಚುನಾಯಿತರು, ಒಂದು ಅವಧಿ ಮುಗಿದ ಕೂಡಲೇ ಮತ್ತೆ ಸ್ಪರ್ಧಿಸುವಂತಿಲ್ಲ. ಆದರೆ ಯಾವ ನಿರ್ಣಯಕ್ಕೂ ಕನಿಷ್ಠ ಒಂಬತ್ತು ಮತ ಬೇಕು. ಐವರೂ ಒಗ್ಗಟ್ಟಾಗಿದ್ದರೂ ಚುನಾಯಿತರಲ್ಲಿ ನಾಲ್ವರನ್ನು ಒಲಿಸಿಕೊಳ್ಳಲೇಬೇಕು.

2003ರ ಮಾರ್ಚ್‌ನಲ್ಲಿ ಈ ಲೆಕ್ಕಕ್ಕೆ ಎಂದೂ ಇಲ್ಲದ ತೂಕ ಬಂತು. ಇರಾಕ್ ಮೇಲಿನ ದಾಳಿಗೆ ಒಪ್ಪಿಗೆ ಕೋರುವ ಎರಡನೇ ನಿರ್ಣಯಕ್ಕೆ ಅಮೆರಿಕ, ಬ್ರಿಟನ್ ಮತ್ತು ಸ್ಪೇನ್ ಒಂಬತ್ತು ಮತ ಹುಡುಕುತ್ತಿದ್ದವು. ಅಂಗೋಲಾ, ಕ್ಯಾಮರೂನ್, ಚಿಲಿ, ಗಿನಿ, ಮೆಕ್ಸಿಕೊ, ಪಾಕಿಸ್ತಾನ ಈ ಆರು ದೇಶಗಳು ಬಾಯಿ ಬಿಡಲಿಲ್ಲ. ಅನಿಶ್ಚಿತ ದೇಶಗಳ ಪ್ರತಿನಿಧಿಗಳ ಮಾತನ್ನು ಕದ್ದಾಲಿಸಲು ಅಮೆರಿಕದ ಬೇಹುಗಾರಿಕಾ ಸಂಸ್ಥೆ ಬ್ರಿಟನ್ನಿನ ನೆರವು ಕೇಳಿದ್ದ ಟಿಪ್ಪಣಿಯೊಂದು ಪತ್ರಿಕೆಯಲ್ಲಿ ಬಯಲಾಯಿತು. ಮತ ಸಿಗದೆ ಮಾರ್ಚ್ 17ರಂದು ಕರಡನ್ನು ಕೈಬಿಡಲಾಯಿತು. ದಾಳಿ ನಿಲ್ಲಲಿಲ್ಲ, ಮೂರು ದಿನದಲ್ಲಿ ಶುರುವಾಯಿತು. ಆದರೆ ಮಂಡಳಿಯ ಮುದ್ರೆ ಅದಕ್ಕೆ ಸಿಗಲಿಲ್ಲ, ಆ ಯುದ್ಧ ಕಾನೂನುಬಾಹಿರವೆಂಬ ವಾದಕ್ಕೆ ಇಂದಿಗೂ ಬಲ ಇರುವುದು ಈ ಕೊರತೆಯಿಂದ. ಕ್ಯಾಮರೂನ್, ಗಿನಿಯಂಥ ದೇಶಗಳು ಸುಮ್ಮನಿದ್ದೇ ಸಾಧಿಸಿದ ಪರಿಣಾಮ ಅದು.

ಎದುರು ನಿಂತವರು ತೆತ್ತ ಬೆಲೆಯ ಉದಾಹರಣೆಗಳೂ ಇವೆ. 1990ರ ನವೆಂಬರ್ 29ರಂದು ಕುವೈತ್‌ನಿಂದ ಇರಾಕನ್ನು ಹೊರಹಾಕಲು ಬಲಪ್ರಯೋಗಕ್ಕೆ ಅನುಮತಿ ಕೊಟ್ಟ 678ನೇ ನಿರ್ಣಯದ ವಿರುದ್ಧ ಮತ ಹಾಕಿದವು ಎರಡೇ: ಕ್ಯೂಬಾ ಮತ್ತು ಯೆಮನ್. ಯೆಮನ್‌ಗೆ ಅಮೆರಿಕ ಕೊಡುತ್ತಿದ್ದ ಸುಮಾರು 7 ಕೋಟಿ ಡಾಲರ್ ನೆರವು ನಿಂತುಹೋಯಿತು. 2002ರಲ್ಲಿ ಮಾರಿಷಸ್ ಸರ್ಕಾರ, ಇರಾಕ್ ವಿಚಾರದಲ್ಲಿ ಅಮೆರಿಕಕ್ಕೆ ಸಾಕಷ್ಟು ಬೆಂಬಲ ತೋರಲಿಲ್ಲವೆಂದು ವಿಶ್ವಸಂಸ್ಥೆಯಲ್ಲಿದ್ದ ತನ್ನದೇ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಮಂಡಳಿಯಲ್ಲಿ ಕುಳಿತ ಅವಧಿಯಲ್ಲಿ ಒಂದು ದೇಶಕ್ಕೆ ಅಮೆರಿಕದ ನೆರವು ಸರಾಸರಿ ಶೇ 59ರಷ್ಟು ಏರುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಇಲಿಯಾನಾ ಕುಜಿಯೆಂಕೊ ಮತ್ತು ಎರಿಕ್ ವರ್ಕರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ಮಂಡಳಿಯಲ್ಲಿ ಸ್ಥಾನ ಪಡೆದ ಚಿಕ್ಕ ದೇಶದ ಮತಕ್ಕೆ ಬೆಲೆ ಇದೆ ಎಂದರೆ ಅದಕ್ಕೆ ಗಿರಾಕಿಗಳೂ ಇದ್ದಾರೆ ಎಂದೇ ಅರ್ಥ. ಸ್ಥಾನ ಸಿಕ್ಕಿತು ಎಂಬುದನ್ನೇ ಪ್ರಭಾವ ಎಂದು ಎಣಿಸುವ ಲೇಖನಗಳು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ.

ಸ್ಥಾನದಿಂದ ನಿಜವಾಗಿ ದಕ್ಕುವ ಅಧಿಕಾರಗಳಲ್ಲಿ ಒಂದು, ಪ್ರತಿ ತಿಂಗಳೂ ಸರದಿಯ ಮೇಲೆ ಬರುವ ಅಧ್ಯಕ್ಷತೆ. ಸಭೆ ಕರೆಯುವುದು, ಕಾರ್ಯಸೂಚಿಗೆ ಕ್ರಮ ಕೊಡುವುದು, ಕಾರ್ಯವಿಧಾನದ ತಕರಾರು ಬಂದಾಗ ಮೊದಲ ತೀರ್ಪು ಹೇಳುವುದು ಅಧ್ಯಕ್ಷರ ಕೆಲಸ. 1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾದಾಗ ಆ ಪೀಠದಲ್ಲಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಅದೇ ಬಿ.ಎನ್. ರಾವ್. ಭಾರತ ಚಿಕ್ಕ ದೇಶವಲ್ಲವಾದರೂ ಆಗ ಅದು ಗಣರಾಜ್ಯವಾಗಿ ಆರು ತಿಂಗಳೂ ತುಂಬದ, ಕೈಯಲ್ಲಿ ಹೆಚ್ಚೇನೂ ಇಲ್ಲದ ಚುನಾಯಿತ ಸದಸ್ಯ.

ಅಧ್ಯಕ್ಷತೆಗಿಂತ ಹೆಚ್ಚು ಫಲ ಕೊಡುವುದು ಕರಡು ಬರೆಯುವ ಹೊಣೆ. ಮಂಡಳಿಯ ಮುಂದಿರುವ ಪ್ರತಿಯೊಂದು ವಿಷಯಕ್ಕೂ ಒಬ್ಬರು ಕರಡು ಹಿಡಿದಿರುತ್ತಾರೆ. ಬಹುಪಾಲು ಕಡತಗಳು ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಕೈಯಲ್ಲಿವೆ. ನಿರ್ಬಂಧ ಸಮಿತಿಗಳ ಅಧ್ಯಕ್ಷತೆಯಂಥ ದುಡಿಮೆ ಜಾಸ್ತಿ, ಹೆಸರು ಕಡಿಮೆ ಎನ್ನುವ ಕೆಲಸವನ್ನು ಚುನಾಯಿತರಿಗೆ ಹಂಚಲಾಗುತ್ತದೆ. ಈ ರೂಢಿಯನ್ನು ದಾಟಿದ್ದು ಸಿರಿಯಾದ ಮಾನವೀಯ ನೆರವಿನ ಕಡತ. 2014ರಲ್ಲಿ ಆಸ್ಟ್ರೇಲಿಯಾ, ಜೋರ್ಡಾನ್ ಮತ್ತು ಐದೂವರೆ ಲಕ್ಷದಷ್ಟು ಜನರಿದ್ದ ಲಕ್ಸೆಂಬರ್ಗ್ ಅದನ್ನು ಕೈಗೆತ್ತಿಕೊಂಡವು. ಯುದ್ಧದ ರಾಜಕೀಯದಲ್ಲಿ ಐವರು ಒಬ್ಬರ ಮುಖ ಒಬ್ಬರು ನೋಡದ ಸ್ಥಿತಿ ಇದ್ದುದರಿಂದಲೇ ಈ ಮೂವರಿಗೆ ಜಾಗ ಸಿಕ್ಕಿತು. ಅವರು ಆಡಳಿತ ಬದಲಾವಣೆ, ಅಪರಾಧ, ಶಿಕ್ಷೆ ಯಾವುದನ್ನೂ ಎತ್ತಲಿಲ್ಲ. ಲಾರಿಗಳು ಗಡಿ ದಾಟಬೇಕು, ಅಷ್ಟೇ. ಆ ವರ್ಷದ ಜುಲೈ 14ರಂದು ಸರ್ವಾನುಮತದಿಂದ ಅಂಗೀಕಾರವಾದ 2165ನೇ ನಿರ್ಣಯ, ಡಮಾಸ್ಕಸ್ ಸರ್ಕಾರದ ಒಪ್ಪಿಗೆಗೆ ಕಾಯದೆ ಟರ್ಕಿ, ಇರಾಕ್, ಜೋರ್ಡಾನ್ ಕಡೆಯ ನಾಲ್ಕು ಗಡಿದ್ವಾರಗಳಿಂದ ವಿಶ್ವಸಂಸ್ಥೆಯ ನೆರವು ಒಳಹೋಗಲು ಅನುಮತಿ ನೀಡಿತು. ಅಲ್ಲಿಂದ ಈ ಕಡತ ಚುನಾಯಿತರ ಕೈಯಿಂದ ಕೈಗೆ ಸಾಗಿತು: ಸ್ವೀಡನ್, ಕುವೈತ್, ಬೆಲ್ಜಿಯಂ, ಜರ್ಮನಿ, ಐರ್ಲೆಂಡ್, ನಾರ್ವೆ, ಸ್ವಿಟ್ಜರ್ಲೆಂಡ್, ಬ್ರೆಜಿಲ್. ನವೀಕರಣದ ವೇಳೆ ರಷ್ಯಾ ಅದನ್ನು ಕತ್ತರಿಸುತ್ತ ಬಂತು. 2020ರಲ್ಲಿ ನಾಲ್ಕು ದ್ವಾರಗಳು ಎರಡಾಗಿ, ಎರಡು ಒಂದಾದವು. 2023ರ ಜುಲೈ 11ರಂದು ರಷ್ಯಾದ ವಿಟೊ ಉಳಿದ ಒಂದನ್ನೂ ಮಂಡಳಿಯ ಅನುಮತಿಯಿಂದ ಹೊರಗಿಟ್ಟಿತು. ಒಂಬತ್ತು ವರ್ಷ ಲಕ್ಷಾಂತರ ಜನರಿಗೆ ಅನ್ನ, ಔಷಧ ತಲುಪಿಸಿದ ಏರ್ಪಾಡು ಒಂದು ಕೈ ಎತ್ತಿದ್ದರಿಂದ ಮುಗಿಯಿತು.

ನ್ಯಾಯಾಲಯವನ್ನು ಜೊತೆಗಿಟ್ಟುಕೊಂಡು ಗೆದ್ದ ಒಂದು ಪ್ರಸಂಗ ಭಾರತೀಯ ಓದುಗರಿಗೆ ಹತ್ತಿರದ್ದು. ಅಲ್ ಕೈದಾ ನಂಟಿನ ವ್ಯಕ್ತಿಗಳ ಮೇಲೆ ನಿರ್ಬಂಧ ಹೇರುವ 1267 ಸಮಿತಿಯ ಹೆಸರು, ಮಸೂದ್ ಅಜರ್‌ನನ್ನು ಪಟ್ಟಿಗೆ ಸೇರಿಸಲು ಭಾರತ ನಡೆಸಿದ ದೀರ್ಘ ಪ್ರಯತ್ನದಿಂದ ನಮಗೆ ಪರಿಚಿತ. ಅಲ್ಲಿ ಸಹಮತದಿಂದಲೇ ಎಲ್ಲವೂ ಆಗಬೇಕು. ಚೀನಾ ತನ್ನ ತಡೆಯನ್ನು ತೆಗೆದ ಮೇಲಷ್ಟೇ 2019ರ ಮೇ 1ರಂದು ಆತನ ಹೆಸರು ಸೇರಿತು. ಇದೇ ಸಹಮತದ ನಿಯಮಕ್ಕೆ ಇನ್ನೊಂದು ಮುಖವಿದೆ: ತಪ್ಪಾಗಿ ಪಟ್ಟಿಗೆ ಸೇರಿದವನು ಹೊರಬರಲು ಯಾರಲ್ಲಿ ದೂರಬೇಕು? ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್, ಆಸ್ಟ್ರಿಯಾ, ಡೆನ್ಮಾರ್ಕ್, ಕೋಸ್ಟರಿಕ ಮುಂತಾದ ಸಮಾನಮನಸ್ಕ ದೇಶಗಳು ಸ್ವತಂತ್ರ ಪರಿಶೀಲನೆ ಬೇಕೆಂದು ಹೇಳುತ್ತಾ ಬಂದರೂ ಕಾಯಂ ಸದಸ್ಯರು ಅಲುಗಲಿಲ್ಲ. 2008ರ ಸೆಪ್ಟೆಂಬರ್ 3ರಂದು ಯುರೋಪಿನ ನ್ಯಾಯಾಲಯ, ಸೌದಿ ಉದ್ಯಮಿ ಯಾಸಿನ್ ಖಾದಿಯ ಮೊಕದ್ದಮೆಯಲ್ಲಿ, ಆತನಿಗೆ ತನ್ನ ವಾದ ಮಂಡಿಸುವ ಅವಕಾಶವೇ ಸಿಕ್ಕಿಲ್ಲವೆಂದು ಯುರೋಪ್ ಒಕ್ಕೂಟದ ನಿರ್ಬಂಧ ನಿಯಮವನ್ನು ಆತನ ಮಟ್ಟಿಗೆ ರದ್ದುಮಾಡಿತು. ಯುರೋಪಿನ ಬ್ಯಾಂಕುಗಳಲ್ಲೇ ಆದೇಶ ಜಾರಿಯಾಗದಿದ್ದರೆ ಮಂಡಳಿಯ ನಿರ್ಬಂಧಕ್ಕೆ ಏನು ಬೆಲೆ? ಆಗ ದೊಡ್ಡವರು ಈ ದೇಶಗಳ ಹಳೆಯ ಪ್ರಸ್ತಾಪವನ್ನು ತೆರೆದು ನೋಡಿದರು. 2009ರ ಡಿಸೆಂಬರ್‌ನ 1904ನೇ ನಿರ್ಣಯದಿಂದ ದೂರು ಕೇಳುವ ಒಂಬುಡ್ಸ್‌ಪರ್ಸನ್ ಹುದ್ದೆ ಬಂತು. 2011ರ 1989ನೇ ನಿರ್ಣಯ ಅದಕ್ಕೆ ಹಲ್ಲು ಕೊಟ್ಟಿತು: ಹೆಸರು ತೆಗೆಯಬಹುದೆಂದು ಒಂಬುಡ್ಸ್‌ಪರ್ಸನ್ ಶಿಫಾರಸು ಮಾಡಿದರೆ, ಅರವತ್ತು ದಿನಗಳೊಳಗೆ ಸಮಿತಿ ಸಹಮತದಿಂದ ಬೇಡ ಎನ್ನದಿದ್ದಲ್ಲಿ ಅಥವಾ ವಿಷಯ ಮಂಡಳಿಗೆ ಹೋಗದಿದ್ದಲ್ಲಿ ಹೆಸರು ಹೊರಬೀಳುತ್ತದೆ. ಪಟ್ಟಿಯಲ್ಲಿ ಹಿಡಿದಿಡುತ್ತಿದ್ದ ಸಹಮತದ ನಿಯಮವನ್ನೇ ತಿರುವಿಹಾಕಿ ಬಿಡಿಸುವ ಸಾಧನವಾಗಿಸಿದ ಈ ಒಂದು ವಾಕ್ಯಕ್ಕೆ, ಕರಡು ಬರೆಯುವವರ ಕೈಚಳಕವೆಂದು ತಲೆದೂಗಲೇಬೇಕು.

ಸೇನಾ ಮೈತ್ರಿಯಾದ ನ್ಯಾಟೊದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ವಿಟೊ ಎಂಬ ಪದವಿಲ್ಲದಿದ್ದರೂ ತೀರ್ಮಾನಗಳೆಲ್ಲ ಸಹಮತದಿಂದ ಆಗುವುದರಿಂದ ಎಲ್ಲರ ಕೈಯಲ್ಲೂ ತಡೆಯುವ ಅಧಿಕಾರವಿದೆ. ಎಸ್ಟೋನಿಯಾ ಆರಿಸಿಕೊಂಡದ್ದು ಪರಿಣತಿಯ ದಾರಿ. 13 ಲಕ್ಷ ಜನರ ಈ ದೇಶ 2004ರಲ್ಲಿ ನ್ಯಾಟೊ ಸೇರಿದ ವರ್ಷವೇ ಸೈಬರ್ ರಕ್ಷಣಾ ಕೇಂದ್ರದ ಪ್ರಸ್ತಾಪ ಇಟ್ಟಿತ್ತು. 2007ರ ಏಪ್ರಿಲ್‌ನಲ್ಲಿ, ಸೋವಿಯತ್ ಕಾಲದ ಸೈನಿಕ ಸ್ಮಾರಕವೊಂದನ್ನು ಟಾಲಿನ್ ನಗರದ ನಡುವಿನಿಂದ ಸ್ಥಳಾಂತರಿಸಿದ ಬೆನ್ನಲ್ಲೇ ಅಲ್ಲಿನ ಬ್ಯಾಂಕು, ಪತ್ರಿಕೆ, ಸರ್ಕಾರಿ ಜಾಲತಾಣಗಳ ಮೇಲೆ ವಾರಗಟ್ಟಲೆ ಸೈಬರ್ ದಾಳಿ ನಡೆಯಿತು. ಮರುವರ್ಷ ಕೇಂದ್ರ ಟಾಲಿನ್‌ನಲ್ಲೇ ಸ್ಥಾಪನೆಯಾಯಿತು. ಸೈಬರ್ ಯುದ್ಧಕ್ಕೆ ಅಂತರರಾಷ್ಟ್ರೀಯ ಕಾನೂನು ಹೇಗೆ ಅನ್ವಯವಾಗುತ್ತದೆಂದು ವಿವರಿಸುವ, 2013ರಲ್ಲಿ ಬಂದ ಟಾಲಿನ್ ಕೈಪಿಡಿ ರೂಪುಗೊಂಡದ್ದು ಅದರ ಆಶ್ರಯದಲ್ಲಿ. 2020-21ರಲ್ಲಿ ಭದ್ರತಾ ಮಂಡಳಿಗೆ ಬಂದಾಗ ಎಸ್ಟೋನಿಯಾ ಇದೇ ಬಂಡವಾಳವನ್ನು ಅಲ್ಲಿಗೂ ತಂದಿತು. 2021ರ ಜೂನ್ 29ರಂದು ಅದರ ಅಧ್ಯಕ್ಷತೆಯಲ್ಲಿ, ಆಗ ಪ್ರಧಾನಿಯಾಗಿದ್ದ ಕಾಯಾ ಕಲ್ಲಾಸ್ ನಡೆಸಿಕೊಟ್ಟ ಸಭೆ, ಸೈಬರ್ ಭದ್ರತೆಯ ಮೇಲೆ ಮಂಡಳಿಯ ಮೊದಲ ಔಪಚಾರಿಕ ಮುಕ್ತ ಚರ್ಚೆ.

ತಡೆಯುವ ದಾರಿಯನ್ನು ಹಿಡಿದವರೂ ಇದ್ದಾರೆ. 1975ರಲ್ಲಿ, ಯುರೋಪಿನ ಭದ್ರತೆ ಮತ್ತು ಸಹಕಾರದ ಬಗೆಗಿನ, ಸಹಮತದಿಂದಲೇ ಆಗಬೇಕಿದ್ದ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಲು ಸೋವಿಯತ್ ನಾಯಕ ಬ್ರೆಝ್ನೆವ್, ಅಮೆರಿಕದ ಅಧ್ಯಕ್ಷ ಫೋರ್ಡ್ ಆದಿಯಾಗಿ ಎಲ್ಲರೂ ಸಿದ್ಧರಾಗಿದ್ದಾಗ, ಮೆಡಿಟರೇನಿಯನ್ ಭದ್ರತೆಯ ಭಾಗ ಸೇರದೆ ಒಪ್ಪುವುದಿಲ್ಲವೆಂದು ಮಾಲ್ಟಾದ ಪ್ರಧಾನಿ ಡಾಮ್ ಮಿಂಟಾಫ್ ಪಟ್ಟು ಹಿಡಿದು ಸಾಧಿಸಿಕೊಂಡರು. ಸ್ವೀಡನ್ನಿನ ನ್ಯಾಟೊ ಪ್ರವೇಶವನ್ನು ಹಂಗೇರಿ 2024ರ ಫೆಬ್ರುವರಿಯವರೆಗೆ ಎಳೆದಾಡಿತು. ಇದರಿಂದ ಆ ಕ್ಷಣಕ್ಕೆ ಏನಾದರೂ ಸಿಗುತ್ತದೆ, ಆದರೆ ಮುಂದಿನ ಬಾರಿ ಇವರ ಕರಡಿಗೆ ಸಹಿ ಹಾಕುವ ಮನಸ್ಸು ಯಾರಿಗೂ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಫಲ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿಲ್ಲ. 2022ರ ನಿರ್ಣಯ ಬಂದ ಮೇಲೆ ವಿಟೊ ನಿಂತಿಲ್ಲ. ಒಂದು ತಿಂಗಳಿಗೇ, ಮೇ 26ರಂದು, ಉತ್ತರ ಕೊರಿಯಾದ ಮೇಲಿನ ಹೊಸ ನಿರ್ಬಂಧಕ್ಕೆ ಚೀನಾ ಮತ್ತು ರಷ್ಯಾ ವಿಟೊ ಹಾಕಿದವು. ಜೂನ್ 8ರಂದು ಸಾಮಾನ್ಯ ಸಭೆಯಲ್ಲಿ ಎರಡೂ ಬಂದು ಕಾರಣ ಹೇಳಿದವು, ನಿಲುವು ಬದಲಿಸಲಿಲ್ಲ. ಗಾಜಾ ವಿಚಾರದಲ್ಲಿ ಅಮೆರಿಕವೂ ವಿಟೊ ಬಳಸಿತು. 2024ರ ಮಾರ್ಚ್ 25ರಂದು ಹತ್ತೂ ಚುನಾಯಿತ ಸದಸ್ಯರು ಒಟ್ಟಾಗಿ ಮಂಡಿಸಿದ, ರಂಜಾನ್ ತಿಂಗಳಿಗೆ ಕದನವಿರಾಮ ಕೇಳಿದ 2728ನೇ ನಿರ್ಣಯಕ್ಕೆ 14 ಮತ ಬಿದ್ದವು, ಅಮೆರಿಕ ದೂರ ಉಳಿಯಿತು. ಮೂರು ದಿನ ಮುಂಚೆ ಅಮೆರಿಕದ ಕರಡನ್ನು ರಷ್ಯಾ, ಚೀನಾ ಉರುಳಿಸಿದ್ದವು. ಐವರಲ್ಲಿ ಯಾರು ತಂದರೂ ಇನ್ನೊಬ್ಬರು ಬೀಳಿಸುತ್ತಿದ್ದ ಸಮಯದಲ್ಲಿ ಮಾಲ್ಟಾ, ಗಯಾನಾ, ಸ್ಲೊವೇನಿಯಾಗಳಂಥ ದೇಶಗಳಿದ್ದ ಗುಂಪಿಗೆ ಅದು ಸಾಧ್ಯವಾಯಿತು. ಆದರೆ ನಿರ್ಣಯ ಬಂಧಕವಲ್ಲವೆಂದು ಅಮೆರಿಕ ಅಂದೇ ಹೇಳಿತು, ಕದನ ನಿಲ್ಲಲಿಲ್ಲ. ಪಠ್ಯ ಗೆಲ್ಲಿಸುವುದು ಚಿಕ್ಕ ದೇಶಗಳ ಕೈಯಲ್ಲಿದೆ, ಪಾಲನೆ ಮಾಡಿಸುವುದು ಇಲ್ಲ.

ಭಾರತ ಈ ಬೆಳವಣಿಗೆಯನ್ನು ಅನುಮಾನದಿಂದಲೇ ನೋಡಿದೆ. 2022ರ ವಿಟೊ ನಿರ್ಣಯದ ದಿನ, ಅದನ್ನು ರೂಪಿಸಿದ ರೀತಿಯಲ್ಲಿ ಎಲ್ಲರನ್ನೂ ಒಳಗೊಳ್ಳಲಿಲ್ಲ, ಸುಧಾರಣೆಯ ಒಂದು ತುಂಡನ್ನು ಮಾತ್ರ ಬಿಡಿಯಾಗಿ ಎತ್ತಿಕೊಳ್ಳಲಾಗಿದೆ ಎಂದು ನಮ್ಮ ಪ್ರತಿನಿಧಿ ಬೇಸರ ವ್ಯಕ್ತಪಡಿಸಿದ್ದರು. ಕಾಯಂ ಸ್ಥಾನ ಬಯಸುವ ದೇಶಕ್ಕೆ ವಿಟೊ ಮೊದಲು ಹಗುರವಾಗಿ ಸ್ಥಾನ ಆಮೇಲೆ ಸಿಗುವುದು ಹಿತವೆನಿಸದಿರುವುದು ಸಹಜ. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಮಾಡಬೇಕು. ಮಂಡಳಿಯ ರಚನೆ ಬದಲಿಸಲು ಸನ್ನದಿನ 108ನೇ ವಿಧಿಯಂತೆ ಸದಸ್ಯರ ಮೂರನೇ ಎರಡರಷ್ಟು, ಅಂದರೆ 129 ದೇಶಗಳ ಮತ ಬೇಕು, ಆಮೇಲೆ ಐವರು ಕಾಯಂ ಸದಸ್ಯರೂ ಸೇರಿ ಅಷ್ಟೇ ದೇಶಗಳ ಅನುಮೋದನೆ ಬೇಕು. ಚಿಕ್ಕ ದೇಶಗಳ ವೇದಿಕೆಯ 108 ಮತಗಳಲ್ಲಿ ದೊಡ್ಡ ಪಾಲು ಸಿಗದೆ ಆ ಸಂಖ್ಯೆಯನ್ನು ಯಾವ ಆಕಾಂಕ್ಷಿಯೂ ಮುಟ್ಟಲಾರ. ಹೊಸ ಕಾಯಂ ಸ್ಥಾನಗಳಿಂದ ತಮಗೇನು ಲಾಭ ಎಂದು ಆ ದೇಶಗಳು ಕೇಳುತ್ತವೆ: ತಮ್ಮ ಸರದಿ ಬೇಗ ಬರುವಂತೆ ಚುನಾಯಿತ ಸ್ಥಾನಗಳು ಹೆಚ್ಚುತ್ತವೆಯೇ, ಕರಡು ಬರೆಯುವ ಹೊಣೆ ಹಂಚಿಕೆಯಾಗುತ್ತದೆಯೇ, ಹೊಸಬರೂ ವಿಟೊಗೆ ಲೆಕ್ಕ ಕೊಡುತ್ತಾರೆಯೇ? 2025ರ ಜೂನ್ 3ರಂದು ನಡೆದ ಚುನಾವಣೆಯಲ್ಲಿ 2026-27ರ ಅವಧಿಗೆ ಆಯ್ಕೆಯಾದ ಐದು ದೇಶಗಳಲ್ಲಿ ಬಹರೇನ್, ಲಾಟ್ವಿಯಾ ಮತ್ತು ಲೈಬೀರಿಯಾ ಒಂದು ಕೋಟಿಯ ಗೆರೆಗಿಂತ ಬಹಳ ಕೆಳಗಿವೆ, ಲಾಟ್ವಿಯಾಕ್ಕೆ ಇದು ಮೊದಲ ಅವಧಿ. ದೆಹಲಿ ತನ್ನ ಸುಧಾರಣಾ ಪ್ರಸ್ತಾಪದಲ್ಲಿ ಈ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಏನು ಉತ್ತರ ಕೊಡುತ್ತದೆ ಎಂಬುದರ ಮೇಲೆ ಆ 129ರ ಎಣಿಕೆ ನಿಂತಿದೆ.